ಕೋಳಿಮರಿ ಕಣ್ಣು ಬಿಟ್ಟುಕೊಂಡೇ ಹುಟ್ಟುತ್ತೆ ಕಣ್ರೀ, ನನ್ನ ಹಾಗೆ ಮೋಸ ಹೋಗಬೇಡಿ

ನಾನು ಕೋಳಿ ಸಾಕೋ ಮನೆಯಲ್ಲೇ ಹುಟ್ಟಿ ಬೆಳೆದವಳು. ನಾಚಿಕೆ ಜಾಸ್ತಿ ಆಗ್ತಿರೋದೇ ಅದಕ್ಕೆ. ಪೇಟೆಯವರು ಯಾರಾದರೂ ಹೀಗೆ ಟೋಪಿ ಹಾಕಿಸಿಕೊಂಡಿದ್ದರೆ ನಾನೇ ಮೊದಲು ನಗ್ತಿದ್ದೆ.

ಗಿರಿರಾಜ ಅನ್ನೋ ತಳಿಯ ಕೋಳಿಮರಿ 50 ಬೇಕಿತ್ತು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲೋ ಹೆಸರಘಟ್ಟದ ಸರ್ಕಾರಿ ಕೋಳಿ ಕೇಂದ್ರದಲ್ಲೋ ಮೊದಲೇ ಹೇಳಿಟ್ಟು ಕಾಯಬೇಕು, ಅಷ್ಟು ತಾಳ್ಮೆ ನನಗೆಲ್ಲಿ? ಅಷ್ಟರಲ್ಲಿ ವಾಟ್ಸಾಪಿನಲ್ಲಿ ಒಂದು ವಿಡಿಯೋ ಬಂತು. ಹತ್ತು ದಿನದ ಮರಿ, ಒಂದಕ್ಕೆ ₹60, ಲಸಿಕೆ ಎಲ್ಲಾ ಆಗಿದೆ, ನಿಮ್ಮೂರ ಕ್ರಾಸಿಗೇ ತಂದುಕೊಡ್ತೀವಿ. ₹3000 ಪೂರ್ತಿ ಮುಂಚೆಯೇ ಫೋನ್‌ಪೇ ಮಾಡಿದೆ. ಹೌದು, ಪೂರ್ತಿ. ಬೈಯೋರು ಬೈಯಿರಿ.

ಬೆಳಗಿನ ಜಾವ ಐದಕ್ಕೆ ಗೂಡ್ಸ್ ಆಟೋ ಬಂತು. ಇನ್ನೂ ಕತ್ತಲು. ಡಬ್ಬ ಬಿಚ್ಚಿ ನೋಡೋಣ ಅಂದರೆ "ಅಕ್ಕಾ ಇನ್ನೂ ನಾಲ್ಕೂರಿಗೆ ಹೋಗ್ಬೇಕು, ಗಾಳಿ ತಾಗಿದ್ರೆ ಮರಿಗೆ ಶೀತ ಆಗುತ್ತೆ, ಮನೇಲಿ ಬಿಚ್ಚಿ" ಅಂದ. ಒಳಗಿಂದ ಚಿಂವ್ ಚಿಂವ್ ಸದ್ದು ಜೋರಾಗೇ ಇತ್ತು. ಸದ್ದು ಕೇಳಿ ಸಂತೋಷಪಟ್ಟುಕೊಂಡು ಬಂದೆ.

ಮನೆಗೆ ತಂದು ಬಲ್ಬಿನ ಕೆಳಗೆ ಬಿಟ್ಟೆ. ಎಳೆ ಮರಿಗೆ ಹಾಕೋ ಸ್ಟಾರ್ಟರ್ ಫೀಡ್ ಹಾಕಿದ್ದೇ ತಡ, ಎಲ್ಲವೂ ಮುಗಿಬಿದ್ದವು. ಆರು ಮಾತ್ರ ಕುತ್ತಿಗೆ ಒಳಗೆಳೆದುಕೊಂಡು ರಟ್ಟಿನ ಕಡೆ ಮುಖ ಮಾಡಿ ನಿಂತಿದ್ದವು. ಒಂದನ್ನ ಕೈಗೆತ್ತಿಕೊಂಡೆ, ಎದೆಮೂಳೆ ಬೆರಳಿಗೆ ಚುಚ್ಚಿತು. ಎರಡೂ ರೆಪ್ಪೆ ಕೀವು ಕಟ್ಟಿ ಅಂಟಿಕೊಂಡಿದ್ದವು. ತಕ್ಷಣ ಮರಿ ಮಾರಿದವನಿಗೆ ಫೋನ್ ಮಾಡಿದೆ.

"ಅಯ್ಯೋ ಅಕ್ಕಾ, ಅವು ಲೇಟಾಗಿ ಮೊಟ್ಟೆ ಒಡೆದ ಮರಿ. ಇನ್ನೂ ಕಣ್ಣು ಬಿಟ್ಟಿಲ್ಲ ಅಷ್ಟೇ. ಎರಡು ಮೂರು ದಿನದಲ್ಲಿ ಬಿಡ್ತವೆ."

ನಾನು ಏನಂದೆ ಗೊತ್ತಾ? "ಹೌದಾ, ಸರಿ ಕಣಪ್ಪಾ" ಅಂದೆ. ಸರಿ ಕಣಪ್ಪಾ! ಅಂಥ ದನಿಯಲ್ಲಿ ಹೇಳಿದ, ಡಾಕ್ಟರ್ ಹೇಳಿದ ಹಾಗೆ. ಎರಡು ದಿನ ಕಾದೆ. ಆಗಷ್ಟೇ ಒಡೆದ ಮರಿಯಾದರೆ ಹೊಟ್ಟೆಯೊಳಗಿನ ಹಳದಿಯಲ್ಲೇ ಎರಡು ಮೂರು ದಿನ ಬದುಕಿಕೊಳ್ಳುತ್ತೆ. ಹತ್ತು ದಿನದ ಮರಿಗೆ ಆ ಬುತ್ತಿ ಎಲ್ಲಿಂದ ಬರಬೇಕು? ಎರಡು ಮರಿ ಹಸಿದೇ ಸತ್ತವು, ನಾನು ಕಣ್ಣು ಬಿಡೋದನ್ನ ಕಾಯ್ತಾ ಕೂತಿದ್ದೆ.

ಮತ್ತೆ ಫೋನ್ ಮಾಡಿದರೆ "ಪವರ್ ಟಾನಿಕ್ ಕಳಿಸ್ತೀನಿ ಅಕ್ಕಾ, ₹480 ಹಾಕಿ" ಅಂದ. ಹಾಕಿದೆ. ಆ ಕಥೆ ಕೇಳಬೇಡಿ. ಬಾಟಲಿ ಮೇಲಿನ ಚೀಟಿ ಅರ್ಧ ಕೆರೆದಿತ್ತು. "ಕೊಕ್ಕು ಬಿಡಿಸಿ 5 ಎಂಎಲ್ ಒಳಗೆ ಬಿಡಿ" ಅಂತ ವಾಯ್ಸ್ ಮೆಸೇಜು. ಬಿಟ್ಟೆ. ಮೂಗಿನ ತೂತಿಂದ ಗುಳ್ಳೆ ಬಂತು, ಎರಡು ಸಲ ಕಾಲು ಒದರಿತು, ನನ್ನ ಅಂಗೈಯಲ್ಲೇ ಹೋಯಿತು.

ಮಗಳ ಮನೆಗೆ ಹೋಗಿದ್ದ ನಮ್ಮತ್ತೆ ಅವತ್ತು ಸಂಜೆ ಬಂದರು. ಎಲ್ಲಾ ಕೇಳಿಸಿಕೊಂಡು ಒಂದೇ ಮಾತು: "ನೀನು ತಂದಿರೋದು ಕೋಳಿಮರಿಯೋ ಬೆಕ್ಕಿನ ಮರಿಯೋ?" ಮುಖ ಎಲ್ಲಿಡಲಿ ಹೇಳಿ.

ಮಾರನೇ ದಿನ ಪಶು ಆಸ್ಪತ್ರೆಗೆ ಒಯ್ದೆ. ನೆನೆದ ಹಳೇ ಹೊಟ್ಟಿನ ಮೇಲೆ ಒತ್ತೊತ್ತಾಗಿ ಕೂಡಿಹಾಕಿದ್ದಾರೆ, ಹಿಕ್ಕೆಯ ಘಾಟಿಗೆ ಕಣ್ಣು ಬೆಂದಿದೆ ಅಂದರು ಡಾಕ್ಟರು. ಉಗುರುಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ಒರೆಸಿ, ಅವರು ಕೊಟ್ಟ ಮುಲಾಮು ಹಚ್ಚಿದ ಮೇಲೆ ಎರಡು ಮರಿ ಕಣ್ಣು ಬಿಟ್ಟವು. ಇನ್ನೊಂದರ ಗುಡ್ಡೆ ಆಗಲೇ ಬೆಳ್ಳಗಾಗಿತ್ತು. ಇನ್ನೊಂದು ಮಾತನ್ನೂ ಡಾಕ್ಟರೇ ಹೇಳಿದ್ದು, ಗಿರಿರಾಜ ಅಂದರೆ ಬಣ್ಣಬಣ್ಣದ ಕೋಳಿ, ನಿಮ್ಮವು ಎಲ್ಲಾ ಒಂದೇ ಹಳದಿ ಇವೆಯಲ್ಲಮ್ಮಾ ಅಂತ. ಅದರ ಸಂಕಟ ಬೇರೆ.

ಕುರುಡು ಮರಿಗೆ ತಿನ್ನೋದು ಕಲಿಸಿದ್ದು ಅತ್ತೆ. ಮಂಕರಿಯೊಳಗೆ ಅದನ್ನೂ ಒಂದು ಸಾಧು ಮರಿಯನ್ನೂ ಬಿಟ್ಟರು. ಫೀಡನ್ನ ನೀರಲ್ಲಿ ಕಲಸಿ ಅಂಚಿರೋ ಬಟ್ಟಲಲ್ಲಿ ಹಾಕಿ, ಉಗುರಲ್ಲಿ ಟಕ್ ಟಕ್ ಟಕ್ ಅಂತ ತಟ್ಟಿ, ಕೊಕ್ಕಿನ ತುದಿಯನ್ನ ಮೆಲ್ಲಗೆ ಫೀಡಿಗೆ ಮುಟ್ಟಿಸೋದು. ತಾಯಿ ಕೋಳಿ ನೆಲ ಕುಟ್ಟಿ ಮರಿ ಕರೆಯಲ್ವಾ, ಅದೇ. ಎರಡು ಗಂಟೆಗೊಂದು ಸಲ. ಬಟ್ಟಲು ಇಟ್ಟ ಜಾಗದಿಂದ ಕದಲಬಾರದು. ನೀರಿನ ಮುಚ್ಚಳದಲ್ಲಿ ಕಲ್ಲು ಹಾಕಿರಬೇಕು, ಇಲ್ಲಾಂದ್ರೆ ಬಿದ್ದು ನೆನೆಯುತ್ತೆ. ನೀರು ಕುಡಿಸೋದಾದರೆ ಕೊಕ್ಕಿನ ಪಕ್ಕಕ್ಕೆ ಒಂದೊಂದು ಹನಿ, ಅದೇ ಚಪ್ಪರಿಸಿಕೊಳ್ಳಲಿ. ಬಾಯೊಳಗೆ ಸುರಿಯೋದು ಬೇಡವೇ ಬೇಡ. ಸಂಜೆ ಕೊರಳ ಬುಡದ ಚೀಲ ಮುಟ್ಟಿ ನೋಡೋದು, ಮೆತ್ತಗೆ ತುಂಬಿದ್ದರೆ ತಿಂದಿದೆ ಅಂತ ಲೆಕ್ಕ. ಮೂರನೇ ದಿನ ಅದು ತಾನೇ ಕುಕ್ಕಿತು, ಫೀಡಿಗಲ್ಲ, ನನ್ನ ಹೆಬ್ಬೆರಳಿನ ಉಗುರಿಗೆ. ಆಮೇಲೆ ಫೀಡಿಗೆ.

ಅವನಿಗೆ ಕೊನೇ ಸಲ ಫೋನ್ ಮಾಡಿ, ಸತ್ತ ಮೂರು ಮರಿದೂ ಟಾನಿಕ್‌ದೂ ದುಡ್ಡು ವಾಪಸ್ ಕೊಡಪ್ಪಾ ಅಂದೆ. "ಜೀವ ಅಂದ್ಮೇಲೆ ಸಾಯುತ್ತೆ ಅಕ್ಕಾ, ಗಾಡಿ ಇಳಿದ್ಮೇಲೆ ನಮ್ ಜವಾಬ್ದಾರಿ ಇಲ್ಲ." ಕುರುಡು ಮರಿ ಕೊಟ್ಟಿದ್ದೀಯಲ್ಲೋ ಅಂದರೆ, "ಕುರುಡಾದ್ರೆ ಸಾರಿಗೆ ಆಗಲ್ವಾ ಅಕ್ಕಾ?" ಅಂತ ನಕ್ಕ. ನಕ್ಕ ಅವನು! ಆಮೇಲೆ ಬ್ಲಾಕ್.

ಪೂರ್ತಿ ದುಡ್ಡು ಮುಂಚೆ ಕೊಡಬೇಡಿ. ಬೆಳಕಿಲ್ಲದ ಹೊತ್ತಲ್ಲಿ ಮರಿ ಇಳಿಸಿಕೊಳ್ಳಬೇಡಿ, ಒಂದೊಂದನ್ನೂ ಎತ್ತಿ ಕಣ್ಣು ನೋಡಿ, ಅವನು ಹಾರ್ನ್ ಹೊಡೀಲಿ ಬಿಡಿ. ಯಾವ ಲಸಿಕೆ ಯಾವತ್ತು ಅಂತ ಕೇಳಿ. ಮೊದಲ ದಿನ ಮರೆಕ್ಸ್ ರೋಗದ ಲಸಿಕೆ, ಐದರಿಂದ ಏಳನೇ ದಿನದೊಳಗೆ ಕೊಕ್ಕರೆ ರೋಗಕ್ಕೆ (ರಾಣಿಖೇತ್) ಹಾಕೋ ಲಸೋಟ ಆಗಿರಬೇಕು. "ಎಲ್ಲಾ ಹಾಕಿದೀವಿ ಅಕ್ಕಾ" ಅಂದರೆ ಏನೂ ಹಾಕಿಲ್ಲ ಅಂತಲೇ ಅಂದುಕೊಳ್ಳಿ, ನಾನಂತೂ ಹಾಗೇ ಅಂದುಕೊಂಡಿದ್ದೀನಿ.

ನಿನ್ನೆ ನಮ್ಮ ನಾದಿನಿಗೆ ಅದೇ ವಿಡಿಯೋ ಬಂದಿದೆ, ಬೇರೆ ನಂಬರಿಂದ. ನೀಲಿ ಟಾರ್ಪಾಲು, ಹಿಂದುಗಡೆ ಒಂದು ಹುಂಜ ಎರಡು ಸಲ ಕೂಗುತ್ತೆ. ರೇಟು ಈಗ ₹55 ಅಂತೆ.