ಪಂಪ್ ಕೋವಿಯ ನಳಿಗೆ: ಕಪ್ಪು ಬಣ್ಣದ ಕೆಳಗಿನ ಕೆಲಸ

ಈಗ ಸಿಗುವ 12 ಬೋರ್ ಪಂಪ್ ಕೋವಿಗಳನ್ನು, ಅಂದರೆ ಮುಂಹಿಡಿಯನ್ನು ಹಿಂದೆ ಮುಂದೆ ಎಳೆದು ತೋಟಾ ತುಂಬುವ ಚರೆಕೋವಿಗಳನ್ನು, ಸಾಲಾಗಿ ಇಟ್ಟರೆ ಹೆಚ್ಚಿನವು ಒಂದೇ ಮಂಕು ಕಪ್ಪಾಗಿ ಕಾಣುತ್ತವೆ. ಆದರೆ ಆ ಕಪ್ಪು ಒಂದೊಂದರಲ್ಲೂ ಬೇರೆ, ಅದರ ಬಾಳಿಕೆಯೂ ಬೇರೆ. ರೆಮಿಂಗ್ಟನ್ 870, ಮಾಸ್‌ಬರ್ಗ್ 500, ಮಾಸ್‌ಬರ್ಗ್ 590ಎ1, ವಿಂಚೆಸ್ಟರ್ ಎಸ್‌ಎಕ್ಸ್‌ಪಿ, ಬೆನೆಲ್ಲಿ ನೋವಾ ಎಂಬ ಐದನ್ನು ಇಲ್ಲಿ ನಳಿಗೆಯ ಮೇಲ್ಮೈ ಮತ್ತು ತಯಾರಿಕೆಯ ಅಚ್ಚುಕಟ್ಟಿನ ದೃಷ್ಟಿಯಿಂದ ಮಾತ್ರ ತೂಗಿದ್ದೇವೆ. ಈ ಐದರಲ್ಲಿ ಯಾವುದರ ಯಂತ್ರವೂ ದುರ್ಬಲವಲ್ಲ. ಬೆಲೆ ಇಳಿಸುವಾಗ ಮೊದಲು ಹೋಗುವುದು ಉಜ್ಜಿ ನಯಗೊಳಿಸುವ ಕೆಲಸ. ಅದರ ಫಲ ಹೊರಮೈಗಿಂತ ಚೇಂಬರಿನ, ಅಂದರೆ ತೋಟಾ ಕೂರುವ ಗೂಡಿನ, ಒಳಗೆ ಹೆಚ್ಚು ಕಾಡುತ್ತದೆ.

ಬಲದ ಪ್ರಶ್ನೆಯನ್ನು ಮೊದಲು ಮುಗಿಸಿಬಿಡೋಣ. 12 ಬೋರ್‌ನ 2¾ ಮತ್ತು 3 ಇಂಚಿನ ತೋಟಾಗಳಿಗೆ ಅಮೆರಿಕದ ಮಾನದಂಡ ಒಪ್ಪುವ ಗರಿಷ್ಠ ಒತ್ತಡ 11,500 ಪಿಎಸ್‌ಐ (ಚದರ ಇಂಚಿಗೆ ಪೌಂಡ್), 3½ ಇಂಚಿನದಕ್ಕೆ 14,000. ರೈಫಲ್ಲುಗಳಲ್ಲಿ ಇದು 60,000ದ ಆಸುಪಾಸಿಗೆ ಹೋಗುತ್ತದೆ. ಈ ಐದರಲ್ಲೂ ಬೋಲ್ಟ್, ಅಂದರೆ ಚೇಂಬರನ್ನು ಹಿಂದಿನಿಂದ ಮುಚ್ಚುವ ತುಂಡು, ಹೋಗಿ ಕಚ್ಚಿಕೊಳ್ಳುವುದು ನಳಿಗೆಯ ಹಿಂತುದಿಯ ಉಕ್ಕಿನ ಭಾಗಕ್ಕೇ. ಹಾಗಾಗಿ ಮಾಸ್‌ಬರ್ಗ್ ಮತ್ತು ಎಸ್‌ಎಕ್ಸ್‌ಪಿಗಳ ರಿಸೀವರ್, ಅಂದರೆ ಯಂತ್ರಭಾಗದ ಕವಚ, ಅಲ್ಯೂಮಿನಿಯಂ ಎಂದು ಹೆದರಬೇಕಿಲ್ಲ. ಸಿಡಿತದ ಭಾರ ಅದರ ಮೇಲೆ ಬೀಳುವುದೇ ಇಲ್ಲ. 870ರ ಉಕ್ಕಿನ ರಿಸೀವರ್ ಕೈಗೆ ಗಟ್ಟಿ ಅನಿಸುತ್ತದೆ ನಿಜ. ಆದರೆ ತುಕ್ಕು ಹಿಡಿಯುವ ಮೈ ಅದರಲ್ಲಿ ಅಷ್ಟೇ ಹೆಚ್ಚು.

ಈಗ ಬಣ್ಣಕ್ಕೆ ಬರೋಣ. ಬ್ಲೂಯಿಂಗ್ ಎನ್ನುವುದು ಲೇಪನವಲ್ಲ, ಉಕ್ಕನ್ನೇ ನಿಯಂತ್ರಿತವಾಗಿ ಆಕ್ಸೈಡ್ ಮಾಡುವ ವಿಧಾನ. ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಲವಣಗಳ ದ್ರಾವಣವನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ನಳಿಗೆಯನ್ನು ಮುಳುಗಿಸಿದರೆ ಮೇಲ್ಮೈ ಮ್ಯಾಗ್ನೆಟೈಟ್ ಆಗುತ್ತದೆ. ಆ ಪದರ ಒಂದು ಮೈಕ್ರಾನ್ ಆಸುಪಾಸು. ತುಕ್ಕನ್ನು ಅದೊಂದೇ ತಡೆಯಲಾರದು. ಅದರ ಕೆಲಸ ಎಣ್ಣೆಯನ್ನು ಹಿಡಿದಿಡುವುದು. ಆದ್ದರಿಂದ ಬ್ಲೂಯಿಂಗ್‌ನ ಗುಣ ನಿರ್ಧಾರವಾಗುವುದು ದ್ರಾವಣಕ್ಕೆ ಇಳಿಯುವ ಮೊದಲು ಉಕ್ಕು ಎಷ್ಟು ನಯವಾಗಿತ್ತು ಎಂಬುದರಿಂದ.

870ರ ಎರಡು ರೂಪಗಳಲ್ಲಿ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ವಿಂಗ್‌ಮಾಸ್ಟರ್‌ನ ನಳಿಗೆಯನ್ನು ಕನ್ನಡಿಯ ಹಾಗೆ ಹೊಳೆಯುವಷ್ಟು ಉಜ್ಜಿ ಆಮೇಲೆ ನೀಲಿ ಏರಿಸುತ್ತಾರೆ. 1987ರಲ್ಲಿ ಕಡಿಮೆ ಬೆಲೆಗೆ ಬಂದ ಎಕ್ಸ್‌ಪ್ರೆಸ್‌ನಲ್ಲಿ ಉಜ್ಜುವುದರ ಬದಲು ಸಣ್ಣ ಕಣಗಳನ್ನು ರಭಸದಿಂದ ಎರಚಿ ಮೈಯನ್ನು ಮಂಕು ಮಾಡಿದರು. ಆ ಒರಟು ಮೈಯಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮ ಕುಳಿಗಳು. ಬೆವರು, ಉಪ್ಪು, ತೇವ ಅಲ್ಲಿ ಕುಳಿತರೆ ಬಟ್ಟೆಯಲ್ಲಿ ಒರೆಸಿದರೂ ಪೂರ್ತಿ ಹೋಗದು. ಒಂದು ರಾತ್ರಿಗೇ ಕೆಂಪು ಪುಡಿ ಕಾಣಿಸಿಕೊಂಡಿತು ಎಂಬ ದೂರುಗಳ ಮೂಲ ಇದೇ. ಉಕ್ಕು ಕಳಪೆ ಎಂದಲ್ಲ, ಮೈ ಒರಟು. 2020ರ ದಿವಾಳಿಯ ನಂತರ ಕಂಪನಿ ಹರಿದು ಹಂಚಿಹೋಗಿ, 870 ಹೊಸ ಒಡೆಯರ ಕೈಯಲ್ಲಿ ಮುಂದುವರಿದಿದೆ. ಎಕ್ಸ್‌ಪ್ರೆಸ್‌ನ ಜಾಗಕ್ಕೆ ಫೀಲ್ಡ್‌ಮಾಸ್ಟರ್ ಬಂದಿದೆ. ಹಳೆಯದನ್ನು ಕೊಳ್ಳುವವರು ಹೆಸರಿಗಿಂತ ಮೈಯನ್ನು ನೋಡಿ ತೀರ್ಮಾನಿಸುವುದು ಮೇಲು.

ಮಂಕು ಬ್ಲೂಯಿಂಗ್ ಇರುವ ಹೊಸ ಕೋವಿ ಮನೆಗೆ ಬಂದ ದಿನವೇ ಮಾಡಬೇಕಾದ ಕೆಲಸವೊಂದಿದೆ. ಕೋವಿ ಖಾಲಿಯೆಂದು ಖಚಿತಪಡಿಸಿಕೊಂಡು ನಳಿಗೆಯನ್ನು ಬಿಚ್ಚಿ. ಕಾರ್ಖಾನೆಯ ಗ್ರೀಸನ್ನು ದ್ರಾವಕದಿಂದ ಪೂರ್ತಿ ತೆಗೆಯಿರಿ. ಕೂದಲು ಒಣಗಿಸುವ ಡ್ರೈಯರ್‌ನಲ್ಲಿ ಕೈಗೆ ಬೆಚ್ಚಗಾಗುವಷ್ಟು ಕಾಯಿಸಿ ತೆಳ್ಳಗೆ ತುಕ್ಕುನಿರೋಧಕ ಎಣ್ಣೆ ಸವರಿ. ಒಂದು ದಿನ ಬಿಟ್ಟು ಒರೆಸಿ, ಮತ್ತೊಮ್ಮೆ ಸವರಿ. ಬಿಸಿಗೆ ಎಣ್ಣೆ ತೆಳುವಾಗಿ ಕುಳಿಗಳಿಗೆ ಇಳಿಯುತ್ತದೆ. ತುಕ್ಕು ಆಗಲೇ ಕಂಡಿದ್ದರೆ ಎಣ್ಣೆಯಲ್ಲಿ ನೆನೆಸಿದ 0000 ದರ್ಜೆಯ ಸ್ಟೀಲ್ ವುಲ್‌ನಿಂದ ಹಗುರವಾಗಿ ಉಜ್ಜಿದರೆ ಸಾಕು. ವಿನಿಗರ್ ಅಥವಾ ತುಕ್ಕು ಕರಗಿಸುವ ಆಮ್ಲಗಳನ್ನು ಹತ್ತಿರ ತರಬೇಡಿ, ಅವು ತುಕ್ಕಿನ ಜೊತೆ ಬ್ಲೂಯಿಂಗನ್ನೂ ತಿಂದುಹಾಕುತ್ತವೆ. ಫೋಮ್ ಪೆಟ್ಟಿಗೆಯಲ್ಲೋ ಚರ್ಮದ ಒರೆಯಲ್ಲೋ ತಿಂಗಳುಗಟ್ಟಲೆ ಇಡುವುದೂ ಸಲ್ಲದು. ಎರಡೂ ತೇವವನ್ನು ಹೀರಿ ಉಕ್ಕಿಗೆ ಒತ್ತಿ ಹಿಡಿಯುತ್ತವೆ.

590ಎ1ರ ಪಾರ್ಕರೈಸಿಂಗ್ ಇದಕ್ಕಿಂತ ಒಂದು ಮೆಟ್ಟಿಲು ಮೇಲೆ. ಫಾಸ್ಫೇಟ್ ಹರಳುಗಳು ಉಕ್ಕಿನ ಮೇಲೆ ಬೆಳೆದು 5ರಿಂದ 15 ಮೈಕ್ರಾನ್‌ಗಳ ಪದರವಾಗುತ್ತವೆ. ಬೂದುಗಪ್ಪು, ಮುಟ್ಟಿದರೆ ಸೀಮೆಸುಣ್ಣದ ಹಾಗೆ ತರಿತರಿ. ಎಣ್ಣೆ ಕುಡಿದು ಇಟ್ಟುಕೊಳ್ಳುವುದರಲ್ಲಿ ಇದಕ್ಕೆ ಸಾಟಿಯಿಲ್ಲ. ಆದರೆ ಎಣ್ಣೆಯಿಲ್ಲದೆ ಒಣಗಿದ ಪಾರ್ಕರೈಸಿಂಗ್ ಕೂಡ ತುಕ್ಕು ಹಿಡಿಯುತ್ತದೆ. 590ಎ1ರಲ್ಲಿ ನಳಿಗೆಯ ಗೋಡೆಯೂ ದಪ್ಪ, ಟ್ರಿಗರ್ ಗಾರ್ಡ್ ಮತ್ತು ಸೇಫ್ಟಿ ಗುಂಡಿ ಲೋಹದವು. ತೂಕ ಹೆಚ್ಚು, ಆದರೆ ಆ ತೂಕ ವ್ಯರ್ಥವಲ್ಲ. ಸೆರಾಕೋಟ್ ಬೇರೆಯೇ ಬಗೆ. ಸುಮಾರು 25 ಮೈಕ್ರಾನ್ ದಪ್ಪದ ಸೆರಾಮಿಕ್-ಪಾಲಿಮರ್ ಬಣ್ಣವನ್ನು ಸಿಂಪಡಿಸಿ ಒಲೆಯಲ್ಲಿ ಗಟ್ಟಿಮಾಡುತ್ತಾರೆ. ಉಪ್ಪುಗಾಳಿಗೆ ಚೆನ್ನಾಗಿ ತಡೆಯುತ್ತದೆ. ಲೋಹಕ್ಕೆ ಲೋಹ ಉಜ್ಜುವಲ್ಲಿ, ಮುಖ್ಯವಾಗಿ ಮ್ಯಾಗಜಿನ್ ಕೊಳವೆಯ ಮೇಲೆ ಮುಂಹಿಡಿ ಸರಿಯುವ ಜಾಗದಲ್ಲಿ, ಸವೆದು ಗೆರೆ ಬೀಳುತ್ತದೆ. ಆ ಗೆರೆಯಿಂದ ಅಂದಕ್ಕೆ ಮಾತ್ರ ಕುಂದು. ಆದರೆ ಅಲ್ಲಿ ತುಕ್ಕು ಕೂತರೆ ಪಂಪ್ ಎಳೆಯುವಾಗ ಮರಳು ಅರೆದಂತಾಗುತ್ತದೆ.

ಹೊರಮೈಯ ತುಕ್ಕನ್ನು ಹೇಗೋ ಒರೆಸಿ ನಿಭಾಯಿಸಬಹುದು. ಚೇಂಬರ್ ಒರಟಾಗಿದ್ದರೆ ಕೋವಿ ನಿಂತೇಬಿಡುತ್ತದೆ. ತೋಟಾ ಸಿಡಿದಾಗ ಅದರ ಬುಡ ಹಿಗ್ಗಿ ಚೇಂಬರಿನ ಗೋಡೆಗೆ ಅಂಟುತ್ತದೆ. ಹಿತ್ತಾಳೆಯ ಬುಡ ತಕ್ಷಣ ಕುಗ್ಗಿ ಬಿಡಿಸಿಕೊಳ್ಳುತ್ತದೆ. ಅಗ್ಗದ ತೋಟಾಗಳಲ್ಲಿ ಹಿತ್ತಾಳೆಯ ಬಣ್ಣ ಬಳಿದ ಉಕ್ಕಿನ ಬುಡವಿರುತ್ತದೆ, ಅದು ಅಷ್ಟು ಕುಗ್ಗುವುದಿಲ್ಲ. ಚೇಂಬರಿನಲ್ಲಿ ಅದನ್ನು ಕೊರೆಯುವ ಉಪಕರಣವಾದ ರೀಮರ್ ಬಿಟ್ಟುಹೋದ ಉಂಗುರದಂಥ ಗೀರುಗಳಿದ್ದರೆ ಉಕ್ಕು ಅವುಗಳಿಗೆ ಒತ್ತಿಕೊಂಡು ಕಚ್ಚುತ್ತದೆ. ಹೊಡೆದ ಮೇಲೆ ಮುಂಹಿಡಿ ಹಿಂದಕ್ಕೆ ಬರುವುದಿಲ್ಲ. ಜೋರಾಗಿ ಎಳೆದರೆ ಎಕ್ಸ್‌ಟ್ರಾಕ್ಟರ್, ಅಂದರೆ ತೋಟಾವನ್ನು ಹಿಡಿದೆಳೆಯುವ ಕೊಕ್ಕೆ, ಅದರ ಅಂಚನ್ನು ಬಿಟ್ಟು ಜಾರುತ್ತದೆ, ತೋಟಾ ಒಳಗೇ ಉಳಿಯುತ್ತದೆ. ಎಕ್ಸ್‌ಪ್ರೆಸ್‌ನಲ್ಲಿ ಈ ತೊಂದರೆ ಹೆಸರುವಾಸಿ. ಬಹಳ ಮಂದಿ ಎಕ್ಸ್‌ಟ್ರಾಕ್ಟರನ್ನು ದೂರಿ ಅದನ್ನೇ ಮೊದಲು ಬದಲಿಸುತ್ತಾರೆ. ಹಿತ್ತಾಳೆ ಬುಡದ ತೋಟಾ ಸಲೀಸಾಗಿ ಬಂದು ಉಕ್ಕಿನದು ಮಾತ್ರ ಸಿಕ್ಕಿಬಿದ್ದರೆ ತಪ್ಪು ಚೇಂಬರಿನದು. ಎರಡೂ ಸಿಕ್ಕಿಬಿದ್ದರೆ ಮೊದಲು ಚೇಂಬರಿನಲ್ಲಿ ಕೂತ ಪ್ಲಾಸ್ಟಿಕ್ ಕಿಟ್ಟವನ್ನು ಬ್ರಶ್ ಹಾಕಿ ತೆಗೆಯಿರಿ, ಆಮೇಲೆ ಎಕ್ಸ್‌ಟ್ರಾಕ್ಟರ್ ಮತ್ತು ಅದರ ಸ್ಪ್ರಿಂಗ್ ಕಡೆ ನೋಡಿ.

ನಯಗೊಳಿಸುವುದು ಕಷ್ಟವಲ್ಲ. ನಳಿಗೆಯನ್ನು ಬಿಚ್ಚಿಟ್ಟು, 20 ಬೋರ್‌ನ ಕಂಚಿನ ಬ್ರಶ್ಶಿಗೆ 0000 ಸ್ಟೀಲ್ ವುಲ್ ಸುತ್ತಿ, ಎಣ್ಣೆ ಹನಿಸಿ, ಡ್ರಿಲ್‌ಗೆ ಸಿಕ್ಕಿಸಿ ಚೇಂಬರಿನಲ್ಲಿ ನಿಧಾನ ವೇಗದಲ್ಲಿ ತಿರುಗಿಸಬೇಕು. ಒಂದೇ ಕಡೆ ನಿಲ್ಲಿಸದೆ ಹಿಂದೆ ಮುಂದೆ ಆಡಿಸುತ್ತ, ಅರ್ಧ ನಿಮಿಷಕ್ಕೊಮ್ಮೆ ಒರೆಸಿ ನೋಡಬೇಕು. ಗೀರುಗಳ ಮೊನೆ ಹೋದರೆ ಸಾಕು, ಗೀರೇ ಮಾಯವಾಗಬೇಕೆಂಬ ಹಟ ಬೇಡ. ಮರಳುಕಾಗದ ಖಂಡಿತ ಬೇಡ, ಹಿಗ್ಗಿದ ಚೇಂಬರನ್ನು ಮತ್ತೆ ಕುಗ್ಗಿಸಲಾಗದು. ಎಸ್‌ಎಕ್ಸ್‌ಪಿಗೆ ಇದಾವುದೂ ಬೇಕಿಲ್ಲ. ಅದರ ಚೇಂಬರ್ ಮತ್ತು ನಳಿಗೆಯ ಒಳಗೆ ಗಡುಸು ಕ್ರೋಮ್ ಇದೆ. ಈ ಬೆಲೆಯ ವರ್ಗದಲ್ಲಿ ಇದೊಂದು ದೊಡ್ಡ ಅನುಕೂಲ, ನಮ್ಮ ಮಟ್ಟಿಗೆ ಎಸ್‌ಎಕ್ಸ್‌ಪಿಯ ಪರವಾದ ಮೊದಲ ವಾದವೇ ಅದು. ಆದರೆ ಕ್ರೋಮ್ ಒಳಗಷ್ಟೇ, ಹೊರಗೆ ಎಣ್ಣೆ ತಪ್ಪಿಸುವಂತಿಲ್ಲ.

ಕೊಳ್ಳುವಾಗ ಬೆಸುಗೆಗಳನ್ನು ನೋಡುವವರು ಕಡಿಮೆ. ಮೇಲಿನ ಪಟ್ಟಿ, ಅಂದರೆ ರಿಬ್, ಗೂಟಗಳ ಮೇಲೆ ನಿಂತಿರುತ್ತದೆ. ಗೂಟದ ಬುಡದಲ್ಲಿ ಸಂದು ಉಳಿದಿದ್ದರೆ ಬ್ಲೂಯಿಂಗ್ ಲವಣ ಅಲ್ಲಿ ಅಡಗಿ ಕುಳಿತು ಮುಂದೆ ಬೆಳ್ಳಗೆ ಹೊರಬರುತ್ತದೆ, ಸುತ್ತಲೂ ತುಕ್ಕು ಎಬ್ಬಿಸುತ್ತದೆ. ನಳಿಗೆಯನ್ನು ಮ್ಯಾಗಜಿನ್ ಕೊಳವೆಗೆ ಹಿಡಿದಿಡುವ ಉಂಗುರದ ಬೆಸುಗೆ ಸುತ್ತಲೂ ಒಂದೇ ಸಮನಾಗಿರಬೇಕು. ನಳಿಗೆಯನ್ನು ಬೆಳಕಿಗೆ ಹಿಡಿದು ಹಿಂದಿನಿಂದ ನೋಡಿದರೆ ನೆರಳಿನ ಉಂಗುರಗಳು ಒಂದರೊಳಗೊಂದು ನಡುವಿಗೆ ಕೂಡಬೇಕು. ಒಂದು ಬದಿಗೆ ವಾಲಿದರೆ ನಳಿಗೆ ಬಾಗಿದೆ ಅಥವಾ ಕೊರೆತ ಓರೆಯಾಗಿದೆ. ಚರೆ ಹರಡುವುದನ್ನು ಹತೋಟಿಯಲ್ಲಿಡಲು ಮೂತಿಯೊಳಗೆ ತಿರುಪಿ ಕೂರಿಸುವ ಚೋಕ್ ಕೊಳವೆಯ ಹಿಂದಿನ ಅಂಚು ನಳಿಗೆಯ ಒಳಕ್ಕೆ ಚಾಚಿಕೊಂಡಿರಲೇಬಾರದು. ಚಾಚಿದ್ದರೆ ತೋಟಾದೊಳಗಿನ ಚರೆಯನ್ನು ತಳ್ಳುವ ಬಿರಡೆ, ಅಂದರೆ ವಾಡ್, ಅದಕ್ಕೆ ಬಡಿದು ಮೂತಿ ಉಬ್ಬುತ್ತದೆ. ಚೋಕ್‌ನ ತಿರುಪಿಗೆ ಗ್ರೀಸ್ ಹಚ್ಚದೆ ವರ್ಷಗಟ್ಟಲೆ ಬಿಟ್ಟರೆ ಆಮೇಲೆ ಅದು ಬಿಚ್ಚಿ ಬರುವುದಿಲ್ಲ.

ಉಳಿದ ಕಟ್ಟುವಿಕೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮಾಸ್‌ಬರ್ಗ್ 500ರ ಮುಂಹಿಡಿ ಗಲಗಲ ಅನ್ನುವುದು ದೋಷವಲ್ಲ, ಮಣ್ಣು ನುಗ್ಗಿದರೂ ಸರಿಯಲೆಂದು ಬಿಟ್ಟ ಸಡಿಲ. ಅದರ ಪ್ಲಾಸ್ಟಿಕ್ ಸೇಫ್ಟಿ ಗುಂಡಿ ಮಾತ್ರ ನಿಜವಾದ ಕೊರತೆ, ಲೋಹದ ಗುಂಡಿ ಬೇರೆಯಾಗಿ ಸಿಗುತ್ತದೆ. ನೋವಾದಲ್ಲಿ ಉಕ್ಕಿನ ಅಸ್ಥಿಪಂಜರದ ಮೇಲೆ ಪಾಲಿಮರ್ ಎರೆದು ರಿಸೀವರ್ ಮತ್ತು ಬಟ್ಟನ್ನು ಒಂದೇ ತುಂಡಾಗಿಸಿದ್ದಾರೆ. ಮಳೆಯಲ್ಲಿ ಕೈಗೆ ಸಿಗುವ ಉಕ್ಕೇ ಕಡಿಮೆ. ಆದರೆ ಬಟ್ ಬದಲಿಸುವ ಆಸೆಯಿದ್ದವರು ಅದನ್ನು ಕೊಳ್ಳಬಾರದು.

ತೇವದ ಜಾಗದಲ್ಲಿ ದಿನವೂ ಒರೆಸುವ ವ್ಯವಧಾನ ಇಲ್ಲದವರಿಗೆ ನೋವಾ, ಒರಟಾಗಿ ಬಳಸುವವರಿಗೆ 590ಎ1, ಅಗ್ಗದ ತೋಟಾ ಹೆಚ್ಚು ಹೊಡೆಯುವವರಿಗೆ ಎಸ್‌ಎಕ್ಸ್‌ಪಿ. 870 ಬೇಕೆಂದಿದ್ದರೆ ಸುಸ್ಥಿತಿಯ ಹಳೆಯ ವಿಂಗ್‌ಮಾಸ್ಟರ್ ಹುಡುಕಿ. ನಳಿಗೆ ಬಿಚ್ಚಿ ಚೇಂಬರಿಗೆ ಬೆರಳಿನಲ್ಲಿ ಹತ್ತಿ ಆಡಿಸಿ, ಎಳೆ ಸಿಕ್ಕದಿದ್ದರೆ ಮಾತ್ರ ಬೆಲೆಯ ಮಾತಿಗೆ ಬನ್ನಿ.