ದೊಡ್ಡಪ್ಪನವರ ಅಂತ್ಯಕ್ರಿಯೆ ನಡೆಸಿಕೊಟ್ಟವರ ಸೇವೆಯ ಬಗ್ಗೆ

1965ರಲ್ಲಿ ಅಮೆರಿಕದ ವಲಸೆ ಕಾಯ್ದೆ ಬದಲಾದ ನಂತರ ನ್ಯೂಜೆರ್ಸಿಗೆ ಬಂದು, ಭಾರತದ ವೈದ್ಯಕೀಯ ಪದವಿಯಿದ್ದರೂ ರೆಸಿಡೆನ್ಸಿಯನ್ನು, ಅಂದರೆ ಪದವಿಯ ನಂತರದ ಆಸ್ಪತ್ರೆ ತರಬೇತಿಯನ್ನು, ಅಲ್ಲಿ ಹೊಸದಾಗಿ ಮುಗಿಸಿ, ಸಂಧ್ಯಾವಂದನೆ ಮಾಡದೆ ಎಂದೂ ಆಸ್ಪತ್ರೆಗೆ ಹೊರಡದ ನಮ್ಮ ದೊಡ್ಡಪ್ಪನವರು ತೀರಿಕೊಂಡಾಗ, ಅಂತ್ಯಕ್ರಿಯೆಯ ಹೊಣೆಯನ್ನು ಅವರ ಊರಿನ ಒಂದು ಫ್ಯೂನರಲ್ ಹೋಮ್‌ಗೆ ಒಪ್ಪಿಸಿದ್ದೆವು.

ಸಿಬ್ಬಂದಿಯ ಸೌಜನ್ಯಕ್ಕೆ ಪೂರ್ಣ ಅಂಕ ಕೊಡುತ್ತೇನೆ. ಪುರೋಹಿತರು ಕೇಳುವ ಮೊದಲೇ ಎಳ್ಳು, ಅಕ್ಕಿ, ತುಳಸಿಗೆಂದು ಬೇರೆ ಬೇರೆ ತಟ್ಟೆಗಳನ್ನು ಇಟ್ಟಿದ್ದರು. ಮೊಮ್ಮಕ್ಕಳೂ ಬಾಯಿಗೆ ಅಕ್ಕಿಕಾಳು ಹಾಕುವವರೆಗೆ ಯಾರೂ ಗಡಿಯಾರ ನೋಡಲಿಲ್ಲ. ವಿಮೆಯಿಲ್ಲದವರನ್ನು ದೊಡ್ಡಪ್ಪ ಶನಿವಾರಗಳಂದು ಹಣ ಪಡೆಯದೆ ನೋಡುತ್ತಿದ್ದುದರಿಂದ ರೋಗಿಗಳ ಸಾಲು ಹೊರಬಾಗಿಲು ದಾಟಿತ್ತು. ಆಗ ಪಕ್ಕದ ಸಭಾಂಗಣವನ್ನೂ ತೆರೆದುಕೊಟ್ಟು, ಅದಕ್ಕೆ ಬಾಡಿಗೆ ಹಾಕಲಿಲ್ಲ. ಎಣ್ಣೆಯ ದೀಪಕ್ಕೆ ಮಾತ್ರ ಅನುಮತಿ ಸಿಗಲಿಲ್ಲ, ಹೊಗೆಯ ಅಲಾರಂ ಇರುವಲ್ಲಿ ಅದು ಸಹಜವೇ.

ಬೇಸರವಾದದ್ದು ಲೆಕ್ಕದ ವಿಷಯದಲ್ಲಿ. 1984ರಿಂದ ಜಾರಿಯಲ್ಲಿರುವ ಫೆಡರಲ್ ನಿಯಮದ ಪ್ರಕಾರ ವ್ಯವಸ್ಥೆಯ ಮಾತು ಆರಂಭವಾಗುವಾಗಲೇ ಪ್ರತಿ ಸೇವೆಯ ದರವನ್ನೂ ಬೇರೆಯಾಗಿ ತೋರಿಸುವ ಪಟ್ಟಿಯನ್ನು ಕೊಡಬೇಕು; ನಮ್ಮ ಮುಂದಿಟ್ಟದ್ದು ಪ್ಯಾಕೇಜುಗಳ ಬಣ್ಣದ ಪುಸ್ತಿಕೆ. ಕೇಳಿದ ಮೇಲೆ ಪಟ್ಟಿ ಬಂತು, ದಹನಕ್ಕೆ ದುಬಾರಿ ಮರದ ಪೆಟ್ಟಿಗೆ ಕಡ್ಡಾಯವಲ್ಲ ಎಂಬುದೂ ಆಗಲೇ ಸ್ಪಷ್ಟವಾಯಿತು. ದುಃಖದಲ್ಲಿರುವ ಎಷ್ಟು ಮಂದಿ ಇದನ್ನೆಲ್ಲ ಕೇಳಿಯಾರು?

ಅಸ್ಥಿಯನ್ನು ವಿಮಾನದಲ್ಲಿ ಒಯ್ಯುವವರು ಲೋಹದ ಕರಂಡಕವನ್ನು ಕೊಳ್ಳದಿರುವುದು ಒಳ್ಳೆಯದು. ಎಕ್ಸ್‌ರೇಯಲ್ಲಿ ಒಳಗಿನದು ಕಾಣದಿದ್ದರೆ ಭದ್ರತಾ ತಪಾಸಣೆಯಲ್ಲಿ ಅದನ್ನು ಬಿಡುವುದಿಲ್ಲ. ನಮಗೆ ತೆಳು ಮರದ್ದನ್ನೇ ಸೂಚಿಸಿದ್ದು ಈ ಸಂಸ್ಥೆಯವರು.