ಆಫ್ ಮೆನ್ಯು: ವಾರ್ಡಿನ ಇಂಗ್ಲಿಷ್ ಕಲಿಸಿಕೊಟ್ಟ ಊಟದ ಹರಟೆ

ನರ್ಸಿಂಗ್ ಮುಗಿಸಿ ಇಂಗ್ಲೆಂಡಿಗೆ ಬರಲು ತಯಾರಾಗುತ್ತಿರುವ ಹುಡುಗಿಯರು ನನ್ನನ್ನು ಕೇಳುವುದು ಯಾವಾಗಲೂ ಒಂದೇ ಪ್ರಶ್ನೆ. 'ಅಕ್ಕಾ, ಒಇಟಿಗೆ ಎಲ್ಲಿ ಕೋಚಿಂಗ್ ಸೇರಲಿ?' ಒಇಟಿ ಅಂದರೆ ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಮಾಡುವವರ ಇಂಗ್ಲಿಷ್ ಪರೀಕ್ಷೆ. ಕೋಚಿಂಗ್ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಹೊರಟಿರುವುದು ಪರೀಕ್ಷೆ ಪಾಸಾದ ಮೇಲೆ ಬೇಕಾಗುವ ಇಂಗ್ಲಿಷ್ ಬಗ್ಗೆ, ಅದನ್ನು ನನಗೆ ಕಲಿಸಿದ ಒಂದು ಕಾಮಿಡಿ ಪಾಡ್‌ಕಾಸ್ಟ್ ಬಗ್ಗೆ. ಹೆಸರು 'ಆಫ್ ಮೆನ್ಯು'.

ನಾನು ತರೀಕೆರೆಯವಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಈಗ ನಾಟಿಂಗ್‌ಹ್ಯಾಮ್‌ನಲ್ಲಿ ವಯಸ್ಸಾದವರ ವಾರ್ಡಿನಲ್ಲಿ ಕೆಲಸ. ಇಲ್ಲಿನ ನರ್ಸಿಂಗ್ ಕೌನ್ಸಿಲ್ ಎನ್‌ಎಂಸಿಗೆ ಒಇಟಿಯಲ್ಲಿ ಲಿಸನಿಂಗ್, ರೀಡಿಂಗ್, ಸ್ಪೀಕಿಂಗ್ ಮೂರಕ್ಕೂ ಬಿ ಗ್ರೇಡ್ ಬೇಕು, ರೈಟಿಂಗ್‌ಗೆ ಸಿ ಪ್ಲಸ್. ಆಡಿಯೊ ಒಂದೇ ಸಲ ಹಾಕುತ್ತಾರೆ, ಸುಲಭ ಏನಲ್ಲ. ಆದರೂ ಅಲ್ಲಿ ಒಬ್ಬರು ಮಾತು ಮುಗಿಸಿದ ಮೇಲೆ ಇನ್ನೊಬ್ಬರು ಶುರು ಮಾಡುತ್ತಾರೆ. ವಾರ್ಡಿನಲ್ಲಿ ಹ್ಯಾಂಡೋವರ್ ಹೊತ್ತಿಗೆ, ಅಂದರೆ ಶಿಫ್ಟ್ ಬದಲಾಗುವಾಗ ಪೇಷೆಂಟ್‌ಗಳ ವಿವರ ಒಪ್ಪಿಸುವಾಗ, ಮೂರು ಜನ ಒಟ್ಟಿಗೆ ಮಾತಾಡುತ್ತಾರೆ. ಒಬ್ಬರು ಅರ್ಧ ಹೇಳಿದ್ದನ್ನು ಇನ್ನೊಬ್ಬರು ಮುಗಿಸುತ್ತಾರೆ, ನಡುವೆ ತಮಾಷೆ ಬೇರೆ. ಔಷಧಿ ಹೆಸರು ತಿಳಿಯದೆ ನಾನು ಯಾವತ್ತೂ ಕಷ್ಟಪಟ್ಟಿಲ್ಲ. ಕಷ್ಟ ಆಗುತ್ತಿದ್ದದ್ದು ಟೀ ರೂಮಿನಲ್ಲಿ. ಎಲ್ಲರೂ ನಗುವಾಗ ಯಾಕೆ ಅಂತ ಗೊತ್ತಾಗದೆ ಕೂತಿರುವುದು ಎಷ್ಟು ಒಂಟಿ ಅನಿಸುತ್ತದೆ ಅಂತ ಹೊರದೇಶದಲ್ಲಿ ದುಡಿದವರಿಗೆ ಗೊತ್ತು.

ಆಫ್ ಮೆನ್ಯು 2018ರ ಡಿಸೆಂಬರ್‌ನಲ್ಲಿ ಶುರುವಾಯಿತು. ನಡೆಸುವವರು ಎಡ್ ಗ್ಯಾಂಬಲ್ ಮತ್ತು ಜೇಮ್ಸ್ ಅಕಾಸ್ಟರ್. ಇಬ್ಬರೂ ಸ್ಟ್ಯಾಂಡಪ್ ಕಾಮಿಡಿಯನ್‌ಗಳು. ಒಂದು ಕಲ್ಪನೆಯ ಹೋಟೆಲು, ಅದಕ್ಕೆ ಎಡ್ ಯಜಮಾನರು. ಜೇಮ್ಸ್ ದೀಪದೊಳಗಿನ ಜೀನಿ, ಕೇಳಿದ್ದನ್ನೆಲ್ಲ ತಂದುಕೊಡುವ ಸಪ್ಲೈಯರ್. ವಾರಕ್ಕೊಬ್ಬರು ಅತಿಥಿ ಬಂದು ತಮ್ಮ ಕನಸಿನ ಊಟ ಯಾವುದು ಅಂತ ಹೇಳಬೇಕು. ಪ್ರಶ್ನೆಗಳ ಕ್ರಮ ಬದಲಾಗುವುದಿಲ್ಲ. ಮೊದಲು ನೀರು, ಸಾದಾ ನೀರೋ ಗ್ಯಾಸ್ ತುಂಬಿದ ನೀರೋ ಅಂತ. ಆಮೇಲೆ ಜೇಮ್ಸ್ ಇದ್ದಕ್ಕಿದ್ದ ಹಾಗೆ ಕೂಗುತ್ತಾರೆ, 'ಪಾಪಡಮ್ಸ್ ಆರ್ ಬ್ರೆಡ್!' ಹಪ್ಪಳವೋ ಬ್ರೆಡ್ಡೋ ಅಂತ! ಇಲ್ಲಿನ ಇಂಡಿಯನ್ ರೆಸ್ಟೋರೆಂಟ್‌ಗಳಲ್ಲಿ ಊಟಕ್ಕೆ ಮೊದಲೇ ಹಪ್ಪಳ, ಮಾವಿನ ಚಟ್ನಿ ತಂದಿಡುತ್ತಾರೆ, ಅದಕ್ಕೇ ಆ ಪ್ರಶ್ನೆ. (ಸಾರನ್ನಕ್ಕೆ ಹಪ್ಪಳ ನೆಂಚಿಕೊಂಡು ಬೆಳೆದ ನನಗೆ ಬರೀ ಹಪ್ಪಳ ಮೊದಲು ತಿನ್ನುವುದು ಇನ್ನೂ ಒಗ್ಗಿಲ್ಲ.) ಆಮೇಲೆ ಸ್ಟಾರ್ಟರ್, ಮೇನ್ ಕೋರ್ಸ್, ಸೈಡ್ ಡಿಶ್, ಕುಡಿಯಲು ಏನು, ಕೊನೆಗೆ ಸಿಹಿ.

ಕಲಿಯುವವರಿಗೆ ಈ ಕ್ರಮವೇ ದೊಡ್ಡ ಆಸರೆ. ಮಾತು ಎಲ್ಲೆಲ್ಲೋ ಹೋಗಿ ಹತ್ತು ನಿಮಿಷ ಏನೂ ಅರ್ಥವಾಗದಿದ್ದರೂ ಪರವಾಗಿಲ್ಲ. 'ಸೈಡ್ ಡಿಶ್' ಅಂದ ಕೂಡಲೇ ನಾವೂ ಮತ್ತೆ ಜೊತೆ ಸೇರಿಕೊಳ್ಳಬಹುದು. 'ನೋ ಸಚ್ ಥಿಂಗ್ ಆ್ಯಸ್ ಎ ಫಿಶ್' ಕೂಡ ನನಗೆ ಇಷ್ಟ. 2014ರಿಂದ ಬರುತ್ತಿದೆ. ನಾಲ್ಕು ಜನ ತಲಾ ಒಂದು ವಿಚಿತ್ರ ಸಂಗತಿ ತಂದು ಹರಟೆ ಹೊಡೆಯುತ್ತಾರೆ. ಆದರೆ ಅಲ್ಲಿ ನಾಲ್ಕು ದನಿ, ವಿಷಯವೂ ಬೇಗ ಬೇಗ ಬದಲಾಗುತ್ತದೆ. ಒಮ್ಮೆ ಕೈತಪ್ಪಿದರೆ ಮತ್ತೆ ಹಿಡಿಯುವುದು ಕಷ್ಟ. ಕಿವಿ ಪಳಗಿದ ಮೇಲೆ ಅದನ್ನು ಕೇಳಿ.

ಇನ್ನೊಂದು ನಿಯಮವಿದೆ, ನನಗಂತೂ ಬಹಳ ಉಪಯೋಗಕ್ಕೆ ಬಂತು. ಅತಿಥಿ ಬರುವ ಮುಂಚೆ ಇಬ್ಬರೂ ಸೇರಿ ಒಂದು ಗುಟ್ಟಿನ ಪದಾರ್ಥ ಗೊತ್ತುಮಾಡುತ್ತಾರೆ. ಅತಿಥಿಯ ಬಾಯಲ್ಲಿ ಆ ಹೆಸರು ಬಂದರೆ ಹೋಟೆಲಿನಿಂದ ಹೊರಗೆ. ನಮಗೆ ಗುಟ್ಟು ಗೊತ್ತು, ಅತಿಥಿಗೆ ಗೊತ್ತಿಲ್ಲ. ಹಾಗಾಗಿ ಕಿವಿ ಕೊನೆಯವರೆಗೂ ಆ ಒಂದು ಪದಕ್ಕೆ ಕಾಯುತ್ತಿರುತ್ತದೆ. ಒಇಟಿ ಲಿಸನಿಂಗ್‌ನ ಎ ಭಾಗದಲ್ಲಿ ಬಿಟ್ಟ ಸ್ಥಳ ತುಂಬುವಾಗ ಬೇಕಾಗುವುದೂ ಇದೇ ತಾಳ್ಮೆ ಅಲ್ವಾ? ಇಲ್ಲಿ ಅದು ಭಯವಿಲ್ಲದೆ ರೂಢಿಯಾಗುತ್ತದೆ.

ಎಲ್ಲಕ್ಕಿಂತ ಜಾಸ್ತಿ ನಾನು ಕಲಿತದ್ದು ದನಿ. ಅತಿಥಿ ಕೊನೆಯಲ್ಲಿ ಸಿಹಿಯ ಬದಲು ಚೀಸ್ ಬೋರ್ಡ್ ಕೇಳಿದರೆ ಜೇಮ್ಸ್ ಕೆಂಡವಾಗುತ್ತಾರೆ. ಕೂಗಾಡುತ್ತಾರೆ, ಅತಿಥಿಯನ್ನು ಬೈಯುತ್ತಾರೆ. ಮೊದಲ ಸಲ ಕೇಳಿದಾಗ ಯಾರಿಗಾದರೂ ನಿಜವಾದ ಜಗಳ ಅನಿಸಬೇಕು. ಕೇಳುತ್ತಾ ಕೇಳುತ್ತಾ ಆ ಸಿಟ್ಟಿನ ಅಡಿಯಲ್ಲಿ ಪ್ರೀತಿ ಇರುವುದು ಗೊತ್ತಾಗುತ್ತದೆ. ಎಲ್ಲಿ ದನಿ ಏರುತ್ತದೆ, ಎಲ್ಲಿ ಬೇಕೆಂದೇ ಸಪ್ಪೆ ದನಿಯಲ್ಲಿ ಹೇಳುತ್ತಾರೆ, ಎಡ್ ಎಲ್ಲಿ ಮೆಲ್ಲಗೆ ಚಿವುಟುತ್ತಾರೆ, ಎಲ್ಲ ತಿಳಿಯುತ್ತದೆ. ಇಲ್ಲಿನ ಜನ ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ತಮಾಷೆ ಮಾಡುತ್ತಾರೆ. ಹಿರಿಯ ನರ್ಸ್ ಒಬ್ಬರು 'ಓಹೋ, ಈಗ ಬಂದ್ರಾ ಮಹಾರಾಣಿ' ಎನ್ನುವ ಅರ್ಥದಲ್ಲಿ ಏನಾದರೂ ಅಂದರೆ ಅದು ಬೈಗುಳವಲ್ಲ, 'ನೀನೂ ನಮ್ಮವಳು' ಅನ್ನುವುದು. ಯಾವ ಗ್ರಾಮರ್ ಪುಸ್ತಕವೂ ನನಗೆ ಇದನ್ನು ಹೇಳಿಕೊಟ್ಟಿರಲಿಲ್ಲ. ಈಗ ನಾನೂ ತಿರುಗಿ ಒಂದು ಮಾತು ಹೇಳುತ್ತೇನೆ, ಅವರು ನಗುತ್ತಾರೆ.

ಊಟದ ಇಂಗ್ಲಿಷ್ ಅಂತೂ ನೇರವಾಗಿ ಕೆಲಸಕ್ಕೆ ಬಂತು. ಜಾಕೆಟ್ ಪೊಟೆಟೊ, ಗ್ರೇವಿ, ಕ್ರಂಬಲ್, ಕಸ್ಟರ್ಡ್, ಇವೆಲ್ಲ ವಾರ್ಡಿನ ಊಟದ ಟ್ರಾಲಿಯಲ್ಲಿ ಬರುವಂಥವು. ಒಬ್ಬ ಅಜ್ಜಿ ಊಟವನ್ನೇ ಮುಟ್ಟುತ್ತಿರಲಿಲ್ಲ. ಫುಡ್ ಚಾರ್ಟಿನಲ್ಲಿ ಬರೀ ಸೊನ್ನೆ. ಒಂದು ಮಧ್ಯಾಹ್ನ ಪಕ್ಕದಲ್ಲಿ ಕೂತು ಸುಮ್ನೆ ಪಾಡ್‌ಕಾಸ್ಟಿನ ಪ್ರಶ್ನೆಯನ್ನೇ ಕೇಳಿದೆ, ಏನು ಬೇಕಾದರೂ ಸಿಗುತ್ತದೆ ಅಂದರೆ ನಿಮ್ಮ ಪುಡ್ಡಿಂಗ್ ಯಾವುದು ಅಂತ. ಅವರ ಅಮ್ಮ ಮಾಡುತ್ತಿದ್ದ ರೂಬಾರ್ಬ್ ಕ್ರಂಬಲ್ (ರೂಬಾರ್ಬ್ ಎಂಬ ಹುಳಿ ದಂಟಿನ ಮೇಲೆ ಹಿಟ್ಟು ಉದುರಿಸಿ ಬೇಯಿಸುವ ಸಿಹಿ) ಬಗ್ಗೆ ಮಾತು ತೆಗೆದರು. ಹಿತ್ತಲಲ್ಲಿ ಬೆಳೆದ ರೂಬಾರ್ಬ್, ಅದರ ಹುಳಿ, ಮೇಲೆ ಬಿಸಿ ಕಸ್ಟರ್ಡ್. ಟ್ರಾಲಿಯಲ್ಲಿ ಆವತ್ತು ಇದ್ದದ್ದು ಆ್ಯಪಲ್ ಕ್ರಂಬಲ್. ಅರ್ಧ ಬಟ್ಟಲು ತಿಂದರು. ನನ್ನ ಕೆಲಸದಲ್ಲಿ ಅದು ದೊಡ್ಡ ವಿಷಯ.

ನಾನು ಕೇಳುವ ರೀತಿ ಇಷ್ಟೇ. ಡ್ಯೂಟಿಗೆ ಹೋಗುವಾಗ ಟ್ರಾಮ್‌ನಲ್ಲಿ ನಿಲ್ಲಿಸದೆ ಕೇಳುತ್ತೇನೆ. ಅವರು ನಕ್ಕು ನನಗೆ ನಗು ಬರದಿದ್ದ ಕಡೆ ಮಾತ್ರ ಹಿಂದಕ್ಕೆ ಹೋಗಿ ಮತ್ತೆ ಕೇಳುತ್ತೇನೆ. ಪದಪದಕ್ಕೂ ನಿಲ್ಲಿಸಿದರೆ ಮಜಾ ಹೋಗುತ್ತದೆ, ಮಜಾ ಹೋದರೆ ವಾರದೊಳಗೆ ಕೇಳುವುದನ್ನೇ ಬಿಡುತ್ತೀರಿ. ವೇಗ ತೀರಾ ಕಡಿಮೆ ಮಾಡಬೇಡಿ, 0.8 ಸಾಕು. ಅದಕ್ಕಿಂತ ನಿಧಾನ ಮಾಡಿದರೆ ಜೋಕಿನ ಜೀವ ಹೋಗುತ್ತದೆ. ಐಫೋನ್ ಇದ್ದವರಿಗೆ ಆ್ಯಪಲ್ ಪಾಡ್‌ಕಾಸ್ಟ್ಸ್‌ನಲ್ಲಿ 2024ರ ಮಾರ್ಚ್‌ನಿಂದ ಮಾತಿನ ಜೊತೆಗೇ ಬರಹವೂ ಓಡುತ್ತದೆ. ಇಬ್ಬರು ಒಟ್ಟಿಗೆ ಕೂಗಿದಾಗ ಅದೂ ಗಲಿಬಿಲಿಯಾಗುತ್ತದೆ, ಉಳಿದಂತೆ ಚೆನ್ನಾಗಿದೆ.

ಕೊರತೆಗಳೂ ಇವೆ. ಕೆಟ್ಟ ಬೈಗುಳ ಧಾರಾಳವಾಗಿ ಬರುತ್ತವೆ. ಮಕ್ಕಳಿರುವಾಗ ಜೋರಾಗಿ ಹಾಕಬೇಡಿ, ಅಲ್ಲಿ ಕೇಳಿದ್ದನ್ನೆಲ್ಲ ವಾರ್ಡಿನಲ್ಲಿ ಆಡಲೂ ಬೇಡಿ. ಲಂಡನ್ನಿನ ಹೋಟೆಲುಗಳು, ಇಲ್ಲಿನ ಹಳೇ ಟಿವಿ ಕಾರ್ಯಕ್ರಮಗಳ ಹೆಸರು ತುಂಬಾ ಬರುತ್ತವೆ, ಇಲ್ಲಿಗೆ ಇನ್ನೂ ಬರದವರಿಗೆ ಅವು ಖಾಲಿ ಶಬ್ದ. ಅಮೆರಿಕಕ್ಕೆ ಹೊರಟವರಿಗೆ ಇದು ಅಷ್ಟಾಗಿ ಆಗಿಬರುವುದಿಲ್ಲ. ಅವರು 'ಕೋನನ್ ಓಬ್ರಯನ್ ನೀಡ್ಸ್ ಎ ಫ್ರೆಂಡ್' ಕೇಳಬಹುದು.

ಇನ್ನೂ ಮೊದಲ ಮೆಟ್ಟಿಲಲ್ಲೇ ಇದ್ದೀರಾ? ಹಾಗಾದರೆ 'ಲ್ಯೂಕ್ಸ್ ಇಂಗ್ಲಿಷ್ ಪಾಡ್‌ಕಾಸ್ಟ್'ನಿಂದ ಶುರು ಮಾಡಿ. ಲ್ಯೂಕ್ ಥಾಂಪ್ಸನ್ ಇಂಗ್ಲಿಷ್ ಮೇಷ್ಟ್ರು, ಸ್ಟ್ಯಾಂಡಪ್ ಕಾಮಿಡಿಯನ್ ಕೂಡ. 2009ರಿಂದ ನಡೆಸುತ್ತಿದ್ದಾರೆ. ಮಾತು ಬಿಡಿಬಿಡಿಯಾಗಿ ಕೇಳಿಸುತ್ತದೆ. ಬ್ರಿಟಿಷ್ ಕಾಮಿಡಿಯ ತುಣುಕು ಹಾಕಿ, ಸಾಲು ಸಾಲಾಗಿ ಬಿಡಿಸಿ, ಯಾಕೆ ನಗು ಬರುತ್ತದೆ ಅಂತ ಹೇಳುತ್ತಾರೆ. ಎಪಿಸೋಡ್‌ಗಳು ಉದ್ದ, ಅದೊಂದೇ ತೊಂದರೆ.

ಆಫ್ ಮೆನ್ಯುಗೆ ನಾನು ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಜಾಹೀರಾತು ಸಹಿಸಿಕೊಂಡರೆ ದುಡ್ಡು ಕೊಡಬೇಕಿಲ್ಲ. ಹೊಸ ಎಪಿಸೋಡ್ ಬುಧವಾರ ಬರುತ್ತದೆ. ಹಳೆಯದರಲ್ಲಿ ಗ್ರೇಸ್ ಡೆಂಟ್ ಬಂದದ್ದನ್ನು ಮೊದಲು ಕೇಳಿ. ಹೋಟೆಲ್ ಊಟದ ವಿಮರ್ಶೆ ಬರೆಯುವುದೇ ಅವರ ಕೆಲಸ, ರುಚಿಯನ್ನು ಮಾತಿನಲ್ಲಿ ಹೇಳುವುದು ಅವರಿಗೆ ಚೆನ್ನಾಗಿ ಗೊತ್ತು. ಆಮೇಲೆ ಕಾಮಿಡಿಯನ್ ನಿಶ್ ಕುಮಾರ್, ಅದರ ಮೇಲೆ ಐರ್ಲೆಂಡಿನ ಕಾಮಿಡಿಯನ್ ಆ್ಯಶ್ಲಿಂಗ್ ಬೀ. ಐರಿಶ್ ಮಾತು ಕಿವಿಗೆ ಹೊಸದು ಅನಿಸಿದರೆ ಬಿಡಬೇಡಿ, ವಾರ್ಡಿನಲ್ಲಿ ಐರಿಶ್ ಪೇಷೆಂಟ್‌ಗಳೂ ಸಿಗುತ್ತಾರೆ.